ಲೋಯಿಸ್ ವೆಬರ್ ಯಾರು? ಅಮೆರಿಕದ ಮೂಕಿ ಸಿನಿಮಾದಲ್ಲಿ ಅವರಿಗೆ ಯಾಕಷ್ಟು ಹೆಸರು?

ಹಾಲಿವುಡ್‌ನ ಶುರುವಿನ ದಿನಗಳಲ್ಲೇ ದೊಡ್ಡ ನಿರ್ದೇಶಕಿ ಅನ್ನಿಸಿಕೊಂಡವರು ವೆಬರ್. ಹುಟ್ಟಿದ್ದು 1879ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ನಟಿಯಾಗಿ ಬಂದು, ಕಥೆ ಬರೆಯುತ್ತಾ ನಿರ್ದೇಶನಕ್ಕೆ ಇಳಿದರು.

ಅವರ ಕೈಚಳಕ ನೋಡಬೇಕಾದರೆ 1913ರ 'ಸಸ್ಪೆನ್ಸ್' ಸಾಕು. ಸುಮಾರು ಹತ್ತು ನಿಮಿಷ ಅಷ್ಟೇ. ಒಂಟಿ ಮನೆ, ಕೂಸಿನ ಜೊತೆ ಹೆಂಡತಿ (ಆ ಪಾತ್ರವೂ ವೆಬರ್ ಅವರದೇ). ಯಾರೋ ಒಳಗೆ ನುಗ್ಗಲು ನೋಡುತ್ತಿದ್ದಾನೆ. ಆಕೆ ಗಂಡನಿಗೆ ಫೋನ್ ಮಾಡುತ್ತಾಳೆ. ಆಗ ಪರದೆ ಮೂರು ತ್ರಿಕೋನವಾಗುತ್ತದೆ: ಒಂದರಲ್ಲಿ ಅವಳು, ಒಂದರಲ್ಲಿ ಗಂಡ, ಇನ್ನೊಂದರಲ್ಲಿ ಕಳ್ಳ. ಮಾತೇ ಇಲ್ಲದಿದ್ದರೂ ಎದೆ ಧಸಕ್ಕೆನ್ನುತ್ತದೆ, ಅಲ್ವಾ!

1916ರಲ್ಲಿ ಗರ್ಭಪಾತದ ಬಗ್ಗೆಯೇ ಸಿನಿಮಾ ಮಾಡಿದರು. ಪೆನ್ಸಿಲ್ವೇನಿಯಾದ ಸೆನ್ಸಾರ್ ಅದನ್ನು ನಿಷೇಧಿಸಿತು. 1917ರಲ್ಲಿ ಸ್ವಂತ ಕಂಪನಿ ಕಟ್ಟಿದರು. 20ರ ದಶಕದಲ್ಲಿ ಅವಕಾಶ ಕಮ್ಮಿಯಾಯಿತು. ಕೊನೆಯ ಚಿತ್ರ 1934ರದ್ದು. 1939ರಲ್ಲಿ ತೀರಿಕೊಂಡರು.