ಹೊಸ ಡಯಲೈಸರ್ ಹಾಕಿದ ದಿನವೇ ನೋವು ಯಾಕೆ?

‘ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ರಕ್ತ ಸೋಸುವ ಡಯಲೈಸರ್ ಹೊಸದು ಹಾಕಿದ ದಿನ ಎದೆ, ಬೆನ್ನು ನೋವು. ಅದನ್ನೇ ತೊಳೆದು ಮತ್ತೆ ಹಾಕಿದರೆ ಏನೂ ಇಲ್ಲ. ಹಳೆಯದೇ ಒಳ್ಳೆಯದಾ?’ ಎಂದು ಕೇಳಿದ್ದೀರಿ. ಅಪ್ಪನದು ಸುಮ್ನೆ ಭ್ರಮೆ ಎಂದು ಮನೆಯಲ್ಲಿ ಯಾರೋ ಅಂದರಂತೆ. ಭ್ರಮೆ ಅನ್ನಬೇಡಿ. ಇಂಥದ್ದಕ್ಕೆ ‘ಫಸ್ಟ್ ಯೂಸ್ ಸಿಂಡ್ರೋಮ್’, ಅಂದರೆ ಮೊದಲ ಬಳಕೆಯ ತೊಂದರೆ, ಎಂಬ ಹೆಸರೇ ಇದೆ.

ಡಯಲೈಸರನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ನೂಲಿನ ಕಟ್ಟಿನಂತೆ ಕಾಣುವುದು ಸಾವಿರಾರು ಟೊಳ್ಳು ಎಳೆಗಳು. ಒಂದೊಂದರ ಒಳಗಿನ ಅಗಲ ಸುಮಾರು 0.2 ಮಿಲಿಮೀಟರ್. ಎಲ್ಲವನ್ನೂ ಸೀಳಿ ಹಾಸಿದರೆ ಒಬ್ಬರು ಮಲಗುವ ಚಾಪೆಯಷ್ಟಾಗುತ್ತದೆ. ನಾಲ್ಕು ಗಂಟೆ ರಕ್ತ ಅದನ್ನು ಸವರಿಕೊಂಡೇ ಹರಿಯಬೇಕು.

ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳಿವೆ. ಗುರುತಿಲ್ಲದ ಮೈ ಕಂಡರೆ ಅಂಟಿಕೊಂಡು ಕೂಗೆಬ್ಬಿಸುವುದು ಅವುಗಳ ಕೆಲಸ. ಅದು ರೋಗಾಣುವೋ ಪ್ಲಾಸ್ಟಿಕ್ಕೋ ಅವಕ್ಕೇನು ಗೊತ್ತು! ಹಿಂದೆ ಈ ಎಳೆಗಳಿಗೆ ಬಳಸುತ್ತಿದ್ದ ಕುಪ್ರೊಫೇನ್ ಎಂಬ ಸೆಲ್ಯುಲೋಸ್ ಪೊರೆಯಲ್ಲಿ ಈ ಗಲಾಟೆ ಜಾಸ್ತಿ. ಡಯಾಲಿಸಿಸ್ ಶುರುವಾದ ಕಾಲು ಗಂಟೆಯಲ್ಲಿ ಬಿಳಿ ರಕ್ತಕಣಗಳ ಲೆಕ್ಕ ಪಾತಾಳಕ್ಕಿಳಿದು, ಆಮೇಲೆ ತಾನೇ ಮೇಲೇರುವುದನ್ನು 1968ರಲ್ಲೇ ಗಮನಿಸಿದ್ದರು. ಎಲ್ಲಿ ಹೋಗಿದ್ದವು? 1977ರಲ್ಲಿ ಅಮೆರಿಕದ ವೈದ್ಯರು ಉತ್ತರ ಕೊಟ್ಟರು. ಕಾಂಪ್ಲಿಮೆಂಟಿನ ಕೂಗಿಗೆ ಎದ್ದ ಕಣಗಳು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಗುಂಪುಗಟ್ಟಿ ಕೂತಿದ್ದವು.

ಒಮ್ಮೆ ಬಳಸಿದ ಪೊರೆಗೆ ರೋಗಿಯದೇ ಪ್ರೋಟೀನಿನ ತೆಳು ಲೇಪ ಕೂರುತ್ತದೆ. ಮುಂದಿನ ಸಲ ರಕ್ತಕ್ಕೆ ಅದು ಅಷ್ಟು ಹೊಸತಲ್ಲ. ಬ್ಲೀಚಿನಲ್ಲಿ ತೊಳೆದರೆ ಆ ಲೇಪ ಹೋಗುತ್ತದೆ, ಗಲಾಟೆ ಮತ್ತೆ ಶುರು. ಹಾಗಂತ ಹಳೆಯದೇ ಮೇಲು ಅನ್ನಲಾರೆ. ತೊಳೆಯುವ ರಾಸಾಯನಿಕ ಉಳಿದುಕೊಂಡರೆ ಅದೂ ತೊಂದರೆಯೇ. ಈಗಿನ ಪಾಲಿಸಲ್ಫೋನ್ ಎಂಬ ಪ್ಲಾಸ್ಟಿಕ್ ಪೊರೆಗಳಲ್ಲಿ ಕಾಂಪ್ಲಿಮೆಂಟಿನ ಕಾಟ ತುಂಬಾ ಕಡಿಮೆ, ಪೂರ್ತಿ ಇಲ್ಲ ಅನ್ನುವಂತಿಲ್ಲ.

ಇನ್ನೊಂದು ಅನುಮಾನ ಎಥಿಲೀನ್ ಆಕ್ಸೈಡ್ ಮೇಲೆ. ಕೆಲವು ಡಯಲೈಸರುಗಳ ರೋಗಾಣು ಕೊಲ್ಲಲು ಈ ಅನಿಲ ಬಳಸುತ್ತಾರೆ. ಎಳೆಗಳ ತುದಿ ಹಿಡಿದಿಡುವ ಅಂಟಿನಲ್ಲಿ ಅದು ಅವಿತಿರುತ್ತದೆ. ಅದನ್ನು ತೊಳೆದು ಹಾಕಲೆಂದೇ ಟೆಕ್ನಿಷಿಯನ್ ಮೊದಲು ಸಲೈನ್ ಬಿಟ್ಟು ‘ಪ್ರೈಮಿಂಗ್’ ಮಾಡುವಾಗ ‘ಬೇಗ ಮುಗಿಸಿ’ ಎಂದು ಅವಸರ ಮಾಡಬೇಡಿ. ಹಬೆ ಅಥವಾ ಗಾಮಾ ಕಿರಣದಿಂದ ಶುದ್ಧ ಮಾಡಿದ್ದೂ ಸಿಗುತ್ತದೆ, ವೈದ್ಯರನ್ನು ಕೇಳಿ.

ಶುರುವಾದ ಕೆಲವೇ ನಿಮಿಷಗಳಲ್ಲಿ ಮೈ ತುರಿಕೆ, ಉಸಿರುಕಟ್ಟುವಿಕೆ ಬಂದರೆ ತಕ್ಷಣ ಕೂಗಿ ಕರೆಯಿರಿ. ಆಗ ಮಿಷನ್ ನಿಲ್ಲಿಸಿ, ಕೊಳವೆಯಲ್ಲಿರುವ ರಕ್ತವನ್ನು ಮರಳಿ ಕೊಡದೆ ಚೆಲ್ಲುತ್ತಾರೆ. ಒಂದು ಲೋಟ ರಕ್ತ ಹೋಯ್ತಲ್ಲ ಎಂದು ಜಗಳಕ್ಕೆ ನಿಲ್ಲಬೇಡಿ.

ಅಪ್ಪನ ನೋವು ಎಷ್ಟನೇ ನಿಮಿಷಕ್ಕೆ ಬರುತ್ತದೆ, ಬರೆದಿಡಿ. ಎದೆನೋವು ಅಲ್ವಾ, ಎಲ್ಲವನ್ನೂ ಡಯಲೈಸರ್ ತಲೆಗೆ ಕಟ್ಟುವ ಮೊದಲು ಇಸಿಜಿ ಮಾಡಿಸಿ.

– ಸಂ.