ನೋವಿನ ಮಾತ್ರೆ ಮತ್ತು ಮಂದವಾಗುತ್ತಿರುವ ಕಿವಿ: ಸಂಪಾದಕರ ಉತ್ತರ

ಬಾಗೇಪಲ್ಲಿ ತಾಲ್ಲೂಕಿನ ಓದುಗರೊಬ್ಬರು ತಮ್ಮ ಭಾವನವರನ್ನು ಕುರಿತು ಬರೆದಿರುವ ದೀರ್ಘ ಪತ್ರದ ಸಾರಾಂಶ ಇದು. ಐವತ್ತೆರಡು ವರ್ಷದ ಭಾವನವರು ಮೊದಲು ಕಲ್ಲು ಕ್ವಾರಿಯಲ್ಲಿ ದುಡಿಯುತ್ತಿದ್ದರು. ಸೊಂಟನೋವಿನಿಂದ ಆ ಕೆಲಸ ಬಿಟ್ಟು ಈಗ ರೇಷ್ಮೆಹುಳು ಸಾಕುತ್ತಿದ್ದಾರೆ. ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆಯನ್ನು ವೈದ್ಯರು ಒಮ್ಮೆ ಬರೆದುಕೊಟ್ಟಿದ್ದರು. ಅದೇ ಹಳೆಯ ಚೀಟಿಯ ಮೇಲೆ ವರ್ಷಗಟ್ಟಲೆ ತರಿಸಿಕೊಂಡು, ದಿನಕ್ಕೆ ಎರಡಿದ್ದದ್ದನ್ನು ಹನ್ನೆರಡರವರೆಗೆ ಏರಿಸಿಕೊಂಡಿದ್ದಾರೆ. ಕೆಲವು ತಿಂಗಳಿಂದ ಎರಡೂ ಕಿವಿ ಮಂದವಾಗಿವೆ, ರಾತ್ರಿ ಗುಯ್‌ಗುಟ್ಟುತ್ತವೆ. ಮಾತ್ರೆಯೇ ಕಾರಣವೇ, ಇಂದೇ ನಿಲ್ಲಿಸಿಬಿಡಬೇಕೇ, ಹೋದ ಶ್ರವಣಶಕ್ತಿ ಮರಳಿ ಬರುತ್ತದೆಯೇ ಎಂಬುದು ಓದುಗರ ಪ್ರಶ್ನೆ. ಮನೆಯವರು ವಯಸ್ಸಿನ ದೋಷ ಎನ್ನುತ್ತಾರೆ. ಭಾವನವರು, ಈ ಹುಳು ಗೂಡು ಕಟ್ಟಲಿ, ಆಮೇಲೆ ಡಾಕ್ಟರ ಹತ್ತಿರ ಹೋದರಾಯಿತು ಎನ್ನುತ್ತಾರೆ.

ಸಹೋದರಿ,

ನಿಮ್ಮ ಅನುಮಾನಕ್ಕೆ ಆಧಾರವಿದೆ. ಕಿವಿಯನ್ನು ಪರೀಕ್ಷಿಸದೆ ಕಾರಣ ಇದೇ ಎಂದು ಯಾರೂ ಹೇಳಲಾಗದು, ನಾನಂತೂ ವೈದ್ಯನಲ್ಲ. ಆದರೆ ಪರೀಕ್ಷಿಸುವ ವೈದ್ಯರಿಗೆ ಮಾತ್ರೆಯ ವಿಷಯ ಪೂರ್ತಿಯಾಗಿ ತಿಳಿಯದಿದ್ದರೆ ಅವರೂ ಸರಿಯಾದ ಕಾರಣವನ್ನು ತಲುಪಲಾರರು. ಈ ಉತ್ತರದಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಇದೊಂದೇ. ಭಾವನವರು ಎಷ್ಟು ನುಂಗುತ್ತಾರೆಂಬುದನ್ನು ನೆಂಟರಿಂದ ಮುಚ್ಚಿಟ್ಟಿದ್ದೇವೆ ಎಂದು ಬರೆದಿದ್ದೀರಿ. ನೆಂಟರಿಗೆ ತಿಳಿಯದಿದ್ದರೆ ನಷ್ಟವಿಲ್ಲ. ವೈದ್ಯರಿಂದ ಮಾತ್ರ ಒಂದು ಮಾತ್ರೆಯನ್ನೂ ಮುಚ್ಚಿಡಬೇಡಿ.

ಟ್ರಮಡಾಲ್ ಅಫೀಮಿನ ವರ್ಗಕ್ಕೆ ಸೇರಿದ ನೋವುನಿವಾರಕ. ಈ ವರ್ಗದ ಔಷಧಿಗಳಿಂದ ಕಿವಿಗೆ ಹಾನಿಯಾಗಬಹುದೆಂಬ ಸಂಗತಿ ಹೆಚ್ಚಾಗಿ ಬೆಳಕಿಗೆ ಬಂದದ್ದು ಅಮೆರಿಕದಲ್ಲಿ. ಅಲ್ಲಿ ಅದೇ ವರ್ಗದ ಹೈಡ್ರೊಕೊಡೋನ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆಯನ್ನು ತಿಂಗಳು, ವರ್ಷಗಳ ಕಾಲ ಮಿತಿಮೀರಿ ಸೇವಿಸುತ್ತಿದ್ದ ಕೆಲವರಿಗೆ ಎರಡೂ ಕಿವಿಗಳ ಶ್ರವಣಶಕ್ತಿ ವೇಗವಾಗಿ ಕುಸಿದದ್ದನ್ನು ಲಾಸ್ ಏಂಜಲೀಸ್‌ನ ಕಿವಿತಜ್ಞರು 2000ರಲ್ಲಿ ವರದಿ ಮಾಡಿದರು. ಇಂಥವರಿಗೆ ಸ್ಟೆರಾಯ್ಡ್ ಚಿಕಿತ್ಸೆ ಹೆಚ್ಚಿನ ಫಲ ಕೊಡಲಿಲ್ಲ. ಪೂರ್ತಿ ಕಿವುಡಾದ ಹಲವರಿಗೆ ನೆರವಾದದ್ದು ಶಸ್ತ್ರಚಿಕಿತ್ಸೆಯಿಂದ ಒಳಗಿವಿಯಲ್ಲಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್. ಹೆರಾಯಿನ್ ಅಥವಾ ಮೆಥಡೋನ್ ವಿಪರೀತವಾಗಿ ಸೇವಿಸಿ ಪ್ರಜ್ಞೆ ತಪ್ಪಿದ ಕೆಲವರಲ್ಲಿಯೂ ದಿಢೀರ್ ಕಿವುಡು ಕಾಣಿಸಿಕೊಂಡಿದೆ. ಅವರಲ್ಲಿ ಹಲವರಿಗೆ ದಿನಗಳು ಅಥವಾ ವಾರಗಳಲ್ಲಿ ಕಿವಿ ಮತ್ತೆ ಕೇಳಿಸಿದೆ.

ಹೈಡ್ರೊಕೊಡೋನ್ ನಮ್ಮ ಔಷಧಿ ಅಂಗಡಿಗಳಲ್ಲಿ ಬಳಕೆಯಲ್ಲಿರುವ ಮಾತ್ರೆಯಲ್ಲ. ಆದ್ದರಿಂದ ಆ ವರದಿಗಳನ್ನು ನಿಮ್ಮ ಭಾವನವರ ಟ್ರಮಡಾಲ್‌ಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಆದರೆ ಎರಡರಲ್ಲೂ ಜೊತೆಗಾರನಾಗಿರುವುದು ಅದೇ ಪ್ಯಾರಾಸಿಟಮಾಲ್ ಎಂಬುದನ್ನು ಗಮನಿಸಬೇಕು. ಇಲಿಯ ಒಳಗಿವಿಯ ಜೀವಕೋಶಗಳ ಮೇಲೆ 2010ರ ಸುಮಾರಿಗೆ ಪ್ರಯೋಗಾಲಯದಲ್ಲಿ ನಡೆದ ಅಧ್ಯಯನವು, ಆ ಜೋಡಿಯಲ್ಲಿ ಕೋಶಗಳನ್ನು ಮುಖ್ಯವಾಗಿ ಕೊಂದದ್ದು ಪ್ಯಾರಾಸಿಟಮಾಲ್ ಎಂದೂ ಹೈಡ್ರೊಕೊಡೋನ್ ಅದರ ವಿಷವನ್ನು ಹೆಚ್ಚಿಸುವಂತೆ ಕಂಡಿತೆಂದೂ ಹೇಳಿತು. ಅದೇ ವರ್ಷ ಅಮೆರಿಕದಲ್ಲಿ ಸುಮಾರು 27,000 ಪುರುಷರನ್ನು 18 ವರ್ಷ ಗಮನಿಸಿದ ಅಧ್ಯಯನವೊಂದು ಪ್ರಕಟವಾಯಿತು. ವಾರಕ್ಕೆ ಎರಡು ಬಾರಿಯಾದರೂ ಪ್ಯಾರಾಸಿಟಮಾಲ್ ತೆಗೆದುಕೊಳ್ಳುವವರಲ್ಲಿ ಶ್ರವಣದೋಷ ಸುಮಾರು ಶೇ. 22ರಷ್ಟು ಹೆಚ್ಚು ಕಂಡುಬಂದಿತ್ತು. ಮಾತ್ರೆಯೇ ಕಾರಣವೆಂಬುದಕ್ಕೆ ಇದು ರುಜುವಾತಲ್ಲ, ಎರಡರ ನಡುವೆ ನಂಟಿದೆ ಎಂಬುದಕ್ಕೆ ಸೂಚನೆ ಮಾತ್ರ.

ಈಗ ನಿಮ್ಮ ಮನೆಯ ಲೆಕ್ಕ ನೋಡಿ. ಸಾಮಾನ್ಯವಾಗಿ ಸಿಗುವ ಜೋಡಿ ಮಾತ್ರೆಯಲ್ಲಿ 37.5 ಮಿಲಿಗ್ರಾಂ ಟ್ರಮಡಾಲ್, 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. ದಿನಕ್ಕೆ ಎಂಟನ್ನು ಮೀರಬಾರದೆಂಬ ಮಿತಿಯಿದೆ. ಹನ್ನೆರಡು ನುಂಗಿದರೆ ಟ್ರಮಡಾಲ್ 450 ಮಿಲಿಗ್ರಾಂ, ಪ್ಯಾರಾಸಿಟಮಾಲ್ 3,900 ಮಿಲಿಗ್ರಾಂ ಆಯಿತು. ತಲೆನೋವಿಗೆಂದು ಅವರು ನಡುನಡುವೆ ನುಂಗುವ 650 ಮಿಲಿಗ್ರಾಂ ಪ್ಯಾರಾಸಿಟಮಾಲ್‌ನ ಒಂದೇ ಒಂದು ಮಾತ್ರೆ ಸೇರಿದರೂ ವಯಸ್ಕರಿಗೆ ದಿನದ ಗರಿಷ್ಠ ಮಿತಿಯಾದ 4,000 ಮಿಲಿಗ್ರಾಂ ದಾಟುತ್ತದೆ. ಇದು ಕಿವಿಗಿಂತ ಮೊದಲು ಯಕೃತ್ತಿಗೆ ಅಪಾಯ, ಮದ್ಯಪಾನದ ಅಭ್ಯಾಸವಿದ್ದರೆ ಇನ್ನೂ ಹೆಚ್ಚು. ಟ್ರಮಡಾಲ್ ಅತಿಯಾದರೆ ಫಿಟ್ಸ್ ಬರುವುದೂ ಉಂಟು.

ಹಾಗೆಂದು ನಾಳೆಯೇ ಡಬ್ಬಿಯನ್ನು ಕಸಿದು ತಿಪ್ಪೆಗೆ ಎಸೆಯಬೇಡಿ. ದೇಹ ವರ್ಷಗಟ್ಟಲೆ ಒಗ್ಗಿಕೊಂಡ ಟ್ರಮಡಾಲನ್ನು ಏಕಾಏಕಿ ನಿಲ್ಲಿಸಿದರೆ ಬೆವರು, ಭೇದಿ, ಮೈಕೈ ನೋವು, ನಿದ್ರೆಯಿಲ್ಲದ ಚಡಪಡಿಕೆ ಶುರುವಾಗುತ್ತದೆ. ಆ ಸಂಕಟ ತಾಳಲಾರದೆ ಮನುಷ್ಯ ಮತ್ತೆ ಅದೇ ಮಾತ್ರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚಿಗೆ, ಮರಳುತ್ತಾನೆ. ವೈದ್ಯರ ನಿಗಾದಲ್ಲಿ ಹಂತಹಂತವಾಗಿ ಇಳಿಸಬೇಕು. ಬೇರೆ ಪ್ಯಾರಾಸಿಟಮಾಲ್ ಮಾತ್ರೆಯನ್ನು ಮಾತ್ರ ಇಂದಿನಿಂದಲೇ ಕೊಡಬೇಡಿ. ಮಾತ್ರೆ ಬಿಡಿಸುವ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ವಿಭಾಗವಿದೆ. ಅಷ್ಟು ದೂರ ಹೋಗುವ ಮುನ್ನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು, ಅಥವಾ 14416 ಸಂಖ್ಯೆಯ ಟೆಲಿ ಮಾನಸ್ ಉಚಿತ ಸಹಾಯವಾಣಿಯಲ್ಲಿ ವಿಚಾರಿಸಬಹುದು. ನಿಮ್ಮ ಭಾವನವರು ಚಟಕ್ಕೆ ಬಿದ್ದ ಕೆಟ್ಟ ಮನುಷ್ಯರಲ್ಲ. ನೋವು ತಿನ್ನುತ್ತಿದ್ದವರ ಕೈಗೆ ಸಿಕ್ಕ ಆಸರೆ ಅದೊಂದೇ ಆಗಿತ್ತು.

ಆ ನೋವಿನ ಮೂಲವನ್ನೂ ಒಮ್ಮೆ ವಿಚಾರಿಸಬೇಕು. ಬಾಗೇಪಲ್ಲಿ, ಗುಡಿಬಂಡೆ, ಮುಳಬಾಗಿಲು, ಪಾವಗಡದ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಂಗತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ದಶಕಗಟ್ಟಲೆ ಕುಡಿದವರಿಗೆ ಹಲ್ಲು ಕಂದುವುದಷ್ಟೇ ಅಲ್ಲ, ಬೆನ್ನುಮೂಳೆ, ಕುತ್ತಿಗೆ, ಮಂಡಿ ಬಿಗಿದು ನೋಯುವ ಸಾಧ್ಯತೆಯೂ ಇದೆ. ಕ್ವಾರಿಯ ದುಡಿಮೆಯಿಂದ ಬಂದ ಸೊಂಟನೋವೆಂದು ತಿಳಿದದ್ದರಲ್ಲಿ ನೀರಿನ ಪಾಲೂ ಇದ್ದರೆ ಮಾತ್ರೆ ಎಷ್ಟು ನುಂಗಿದರೂ ಅದು ನಿಲ್ಲದು. ಎಕ್ಸ್‌ರೇ ತೆಗೆಸುವಾಗ ಫ್ಲೋರೋಸಿಸ್, ಅಂದರೆ ಫ್ಲೋರೈಡ್‌ನಿಂದಾದ ಈ ತೊಂದರೆ, ಇದೆಯೇ ಎಂದು ಕೇಳಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಪಂಚಾಯಿತಿಯನ್ನು ಒತ್ತಾಯಿಸಿ ಸರಿಪಡಿಸಿಕೊಳ್ಳಿ. ಈ ತಾಲ್ಲೂಕುಗಳಲ್ಲಿ ನೋವಿನ ಮಾತ್ರೆ ಇಷ್ಟೊಂದು ಖರ್ಚಾಗುವುದರ ಹಿಂದೆ ನೀರೂ ಇದೆ ಎಂದೇ ನಾನು ನಂಬಿದ್ದೇನೆ.

ಕಿವಿಗೆ ಬೇರೆ ಕಾರಣಗಳೂ ಇರಬಹುದು. ಕ್ವಾರಿಯ ಸಿಡಿತ ಮತ್ತು ಡ್ರಿಲ್ಲಿನ ಸದ್ದು ಶ್ರವಣಶಕ್ತಿಯನ್ನು ಕುಗ್ಗಿಸುತ್ತದೆ. ಆದರೆ ಅಂಥ ಹಾನಿ ನಿಧಾನದ್ದು, ಸದ್ದಿನಿಂದ ದೂರವಾದ ಮೇಲೆ ಸಾಮಾನ್ಯವಾಗಿ ಬೆಳೆಯುವುದಿಲ್ಲ; ಶ್ರವಣ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಂನಲ್ಲಿ 4,000 ಹರ್ಟ್ಸ್‌ನ ಆಸುಪಾಸಿನಲ್ಲಿ ತಗ್ಗು ಮೂಡುವುದು ಅದರ ಗುರುತು. ಕ್ವಾರಿ ಬಿಟ್ಟು ಎಷ್ಟೋ ಕಾಲದ ನಂತರ, ಕೆಲವೇ ತಿಂಗಳಲ್ಲಿ, ಎರಡೂ ಕಿವಿ ಕುಸಿದದ್ದಕ್ಕೆ ವಯಸ್ಸು, ಸದ್ದು ಎಂಬ ವಿವರಣೆ ಸಾಲದು. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಚುಚ್ಚುಮದ್ದನ್ನು ಎಂದಾದರೂ ಹಾಕಿಸಿಕೊಂಡಿದ್ದರೆ ಅದನ್ನೂ ಹೇಳಿ. ಬರೀ ಗುಗ್ಗೆ ಕಟ್ಟಿಕೊಂಡಿದ್ದರೆ ತೆಗೆಸಿದ ಕ್ಷಣವೇ ಕೇಳಿಸೀತು, ಅದನ್ನು ಮೊದಲು ನೋಡುತ್ತಾರೆ.

ಶ್ರವಣಶಕ್ತಿ ಮರಳುತ್ತದೆಯೇ ಎಂಬುದಕ್ಕೆ ಹಿತವಾದ ಉತ್ತರ ಕೊಡಲಾರೆ. ಒಂದೊಂದು ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಉಳಿದಿರುವುದನ್ನು ಉಳಿಸಿಕೊಳ್ಳಬಹುದು, ಶ್ರವಣಸಾಧನದಿಂದ ಮಾತು ಕೇಳಿಸಿಕೊಳ್ಳಬಹುದು. ಅದೂ ಸಾಲದಾದರೆ ಇಂಪ್ಲಾಂಟ್ ಇದೆ. ಜಿಲ್ಲಾ ಆಸ್ಪತ್ರೆಯ ಇಎನ್‌ಟಿ ವೈದ್ಯರಿಂದ ಆರಂಭಿಸಿ, ಬೇಕಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ.

ನಿಮ್ಮ ಪತ್ರ ಓದಿದವರು ಯಾರೂ ಕ್ಯಾನ್ಸರ್ ರೋಗಿಗೆ ವೈದ್ಯರು ಕೊಡುತ್ತಿರುವ, ಅಫೀಮಿನ ವರ್ಗದ್ದೇ ಆದ ಮಾರ್ಫಿನ್ ನಿಲ್ಲಿಸಬಾರದು. ಅಲ್ಲಿ ಅಳತೆಯಿದೆ, ನಿಗಾ ಇದೆ, ಮತ್ತು ಆ ನೋವನ್ನು ತಡೆಯುವುದು ಮಾನವೀಯ ಕರ್ತವ್ಯ.

ಇನ್ನು ಹುಳುವಿನ ಬೆಳೆಯ ಮಾತು. ಗೂಡು ಕಟ್ಟುವವರೆಗೆ ಕಾಯಬೇಡಿ. ಸೊಪ್ಪು ಹಾಕುವ ಕೆಲಸವನ್ನು ಒಂದು ದಿನ ಮನೆಯವರು ಹಂಚಿಕೊಂಡು ಈ ವಾರವೇ ಅವರನ್ನು ಕರೆದೊಯ್ಯಿರಿ. ಕಿವಿ ಒಂದೆರಡು ದಿನದಲ್ಲಿ ದಿಢೀರನೆ ಮುಚ್ಚಿದಂತಾದರೆ ಅದು ತುರ್ತು ಸ್ಥಿತಿ, ಅಂದೇ ಹೊರಡಬೇಕು. ಹೋಗುವಾಗ ಹಳೆಯ ಚೀಟಿ, ಖಾಲಿಯಾದ ಸ್ಟ್ರಿಪ್‌ಗಳು, ದಿನಕ್ಕೆ ಎಷ್ಟು ಮಾತ್ರೆ ಎಂದು ಬರೆದ ಹಾಳೆ ಜೊತೆಗಿರಲಿ. ವೈದ್ಯರ ಮಾತು ಭಾವನವರಿಗೆ ಸರಿಯಾಗಿ ಕೇಳಿಸದಿರಬಹುದಾದ್ದರಿಂದ ಒಳಗೆ ನೀವೋ ನಿಮ್ಮ ಯಜಮಾನರೋ ಅವರ ಪಕ್ಕದಲ್ಲೇ ಇರಿ.

— ಸಂಪಾದಕ