ಜೇಬಿನಲ್ಲಿ ಒಯ್ಯುವ ಪುಟ್ಟ ಪಿಸ್ತೂಲನ್ನು ಎಷ್ಟು ನಂಬಬಹುದು? ವಾರಂಟಿ ಚೀಟಿ ಇಲ್ಲದಿದ್ದರೆ ಕೊಳ್ಳಬಹುದೇ?

ಅಮೆರಿಕದಲ್ಲಿ 2008ರಲ್ಲಿ ಮಾರುಕಟ್ಟೆಗೆ ಬಂದ, ರೂಗರ್ ಕಂಪನಿಯ ಎಲ್‌ಸಿಪಿ ಎಂಬ ಪುಟ್ಟ ಪಿಸ್ತೂಲಿನ ಪೆಟ್ಟಿಗೆಯಲ್ಲಿ ವಾರಂಟಿ ಚೀಟಿ ಇಲ್ಲದಿರುವುದು ಲೋಪವಲ್ಲ. ವಾರಂಟಿಗಳ ಕುರಿತ ಅಲ್ಲಿನ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆಯ ಪ್ರಕಾರ ಕಂಪನಿಗಳು ಲಿಖಿತ ವಾರಂಟಿ ಕೊಟ್ಟರೆ ಅದರ ನಿಯಮಗಳಿಗೆ ಬದ್ಧರಾಗಬೇಕೇ ಹೊರತು, ಕೊಡಲೇಬೇಕೆಂಬ ಕಡ್ಡಾಯವಿಲ್ಲ. ಚೀಟಿಗಿಂತ ಕಂಪನಿಯ ನಡವಳಿಕೆ ಮುಖ್ಯ: 2008ರ ಅಕ್ಟೋಬರ್‌ನಲ್ಲಿ, ಗುಂಡು ತುಂಬಿದ ಪಿಸ್ತೂಲು ಕೆಳಗೆ ಬಿದ್ದರೆ ಗುಂಡು ತಾನಾಗಿ ಹಾರಬಹುದೆಂಬ ಕಾರಣಕ್ಕೆ, 370ರಿಂದ ಆರಂಭವಾಗುವ ಕ್ರಮಸಂಖ್ಯೆಯ ಪಿಸ್ತೂಲುಗಳನ್ನು ಅದು ಹಿಂದಕ್ಕೆ ಕರೆಸಿ ಉಚಿತವಾಗಿ ದುರಸ್ತಿ ಮಾಡಲು ಮುಂದಾಯಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದಯವಿಟ್ಟು ಆ ಸಂಖ್ಯೆಯನ್ನು ನೋಡಿ, ದುರಸ್ತಿ ಆಗಿದೆಯೇ ಎಂದು ಕಂಪನಿಯನ್ನೇ ಕೇಳಬೇಕು. ಇದು ಜೀವದ ಪ್ರಶ್ನೆ.

ಇನ್ನು ನಂಬಿಕೆಯ ಮಾತು. ಸುಮಾರು 270 ಗ್ರಾಂ ತೂಗುವ ಈ ಪಿಸ್ತೂಲಿನ ಸ್ಲೈಡ್ (ಗುಂಡು ಹಾರಿದಾಗ ಹಿಂದಕ್ಕೆ ಜಾರುವ ಮೇಲ್ಭಾಗ) ಚಿಕ್ಕದೂ ಹಗುರವೂ ಆಗಿರುವುದರಿಂದ ಬಹಳ ವೇಗವಾಗಿ ಹಿಂದೆ ಮುಂದೆ ಸರಿಯುತ್ತದೆ, ಮ್ಯಾಗಜೀನಿನ, ಅಂದರೆ ಕಾಡತೂಸು ತುಂಬಿಡುವ ಡಬ್ಬಿಯ, ಸ್ಪ್ರಿಂಗ್‌ಗೆ ಮುಂದಿನ ಕಾಡತೂಸನ್ನು ಮೇಲೆತ್ತಲು ಸಿಗುವ ಸಮಯ ಅತ್ಯಲ್ಪ. ಹಾರಿಸುವಾಗ ಮಣಿಕಟ್ಟು ಸಡಿಲವಾದರೆ ಹಾರಿದ ಕಾಡತೂಸಿನ ಖಾಲಿ ಕೋಶ ಪೂರ್ತಿ ಹೊರಬೀಳದೆ ಸ್ಲೈಡಿನ ಬಾಯಲ್ಲೇ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ. ಜೇಬಿನ ನೂಲಿನ ಎಳೆ, ಧೂಳು ಸಹ ಹೀಗೆಯೇ ಕಾಡುತ್ತವೆ. ಆದ್ದರಿಂದ ನಿತ್ಯ ಒಯ್ಯಲಿರುವ ಕಾಡತೂಸನ್ನೇ ಬಳಸಿ, ಕನಿಷ್ಠ 200 ಸುತ್ತು ತೊಡಕಿಲ್ಲದೆ ಹಾರಿಸಿದ ಮೇಲೆಯೇ ಅದನ್ನು ಜೇಬಿಗಿಡಬೇಕೆಂಬುದು ನನ್ನ ದೃಢ ಅಭಿಪ್ರಾಯ.